ಹಿತ್ತಿಲಿಗೆ ಬಂದವರ ಚಿತ್ರ

ಮನೆಯ ಸುತ್ತ ಬಂದುಹೋಗುವ ಕಾಡುಜೀವಿಗಳ ಚಿತ್ರ ಬರೆಯುವುದು ವನ್ಯಜೀವಿ ಚಿತ್ರಕಲೆಯದೇ ಒಂದು ಕವಲು. ಬಂಡೀಪುರಕ್ಕೋ ನಾಗರಹೊಳೆಗೋ ಹೋಗಿ ಹುಲಿ ಬರೆಯುವವರಿಗೂ ಹಿತ್ತಿಲಿನ ಅಳಿಲನ್ನು ಬರೆಯುವವರಿಗೂ ಕುಂಚ ಬಣ್ಣಗಳಲ್ಲಿ ಭೇದವಿಲ್ಲ. ಭೇದವಿರುವುದು ಭೇಟಿಯ ರೀತಿಯಲ್ಲಿ. ಕಾಡಿನಲ್ಲಿ ಹುಲಿ ಕಂಡರೆ ಅದು ಅದೃಷ್ಟ. ಅದೇ ಹುಲಿ ನಾಳೆ ಅದೇ ಜಾಗದಲ್ಲಿ ಕಂಡೀತೆಂಬ ಖಾತರಿಯಿಲ್ಲ. ಆದ್ದರಿಂದ ಅಲ್ಲಿ ಫೋಟೊ ತೆಗೆದುಕೊಂಡು ಬಂದು ಮನೆಯಲ್ಲಿ ಕೂತು ಬರೆಯುವುದೇ ರೂಢಿ. ಹಿತ್ತಿಲಿನ ಜೀವಿ ನಿಲ್ಲುವುದು ಕೆಲವೇ ಕ್ಷಣವಾದರೂ ಮರಳಿ ಬರುತ್ತದೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ, ಅದೇ ಗೋಡೆಯ ಮೇಲೆ, ಅದೇ ಭಂಗಿಯಲ್ಲಿ. ಈ ಮರುಭೇಟಿಯೇ ಈ ಕಲೆಯ ಬಂಡವಾಳ. ಅದನ್ನು ಹಿಡಿದು ಕೂರಿಸಲು ಬಾರದು, ಆದರೆ ಹತ್ತು ಸಲ ನೋಡಿದ್ದನ್ನು ಒಂದು ಚಿತ್ರದಲ್ಲಿ ಕೂಡಿಸಲು ಬರುತ್ತದೆ.

ಕರ್ನಾಟಕದ ಮನೆಗಳಿಗೆ ಇಂಥ ಅತಿಥಿಗಳ ಬರವಿಲ್ಲ. ಬೆಂಗಳೂರಿನ ಮಹಡಿ ಮನೆಯ ಬಾಲ್ಕನಿಗೂ ಅಳಿಲು, ಸೂರಕ್ಕಿ, ಪಿಕಳಾರ, ಕಾಗೆ ಬರುತ್ತವೆ. ನೀರಿನ ತೊಟ್ಟಿಯ ಮೇಲೆ ಹದ್ದು ಕೂರುತ್ತದೆ. ಕಾಂಪೌಂಡಿನಲ್ಲಿ ಒಂದಷ್ಟು ಗಿಡವಿದ್ದರೆ ಓತಿಕ್ಯಾತ, ಮುಂಗುಸಿ, ಕೆಂಬೂತ ಸೇರಿಕೊಳ್ಳುತ್ತವೆ. ಊರೂರಿಗೂ ಕೋತಿಗಳಿವೆ. ಮಲೆನಾಡಿನ ತೋಟದ ಮನೆಗಳಲ್ಲಿ ಪಟ್ಟಿ ಇನ್ನೂ ಉದ್ದ: ಹಲಸಿನ ಮರಕ್ಕೆ ಬರುವ ಕೆಂಜಳಿಲು, ರಾತ್ರಿ ಅಟ್ಟದ ಮೇಲೆ ನಡೆದಾಡುವ ಕಬ್ಬೆಕ್ಕು, ದೀಪಕ್ಕೆ ಬಂದು ಗೋಡೆಗಂಟುವ ಪತಂಗಗಳು. ಮೂಡಿಗೆರೆಯ ತೋಟದಲ್ಲಿ ನೆಲೆಸಿದ ಪೂರ್ಣಚಂದ್ರ ತೇಜಸ್ವಿಯವರ ಬರಹದಲ್ಲೂ ಹಕ್ಕಿಗಳ ಛಾಯಾಚಿತ್ರಗಳಲ್ಲೂ ಈ ಲೋಕ ಕನ್ನಡಿಗರಿಗೆ ಚೆನ್ನಾಗಿ ಪರಿಚಯವಾಗಿದೆ. ಕ್ಯಾಮೆರಾದಲ್ಲಿ ಅದನ್ನು ಹಿಡಿದವರು ಬಹಳ. ಪೆನ್ಸಿಲು ಹಿಡಿದು ಕೂತವರು ಕಡಿಮೆ.

ಕಣ್ಣಾರೆ ಕಂಡ ಪ್ರಾಣಿಯನ್ನು ಕಂಡಂತೆ ಬರೆಯಿಸುವ ಹಟ ಭಾರತದಲ್ಲಿ ಹೆಚ್ಚು ಗಟ್ಟಿಯಾಗಿ ಕಾಣುವುದು ಮೊಗಲ್ ದೊರೆ ಜಹಾಂಗೀರನ ಆಸ್ಥಾನದಲ್ಲಿ. 1612ರಲ್ಲಿ ಗೋವೆಯಿಂದ ಟರ್ಕಿ ಕೋಳಿ ಮೊದಲಾದ ಅಪರೂಪದ ಜೀವಿಗಳು ಬಂದಾಗ ಆತ ಅವುಗಳ ವರ್ಣನೆಯನ್ನು ತನ್ನ ದಿನಚರಿಯಲ್ಲಿ ಬರೆದದ್ದಲ್ಲದೆ ಚಿತ್ರಗಳನ್ನೂ ಬರೆಯಿಸಿದ. ಮುತ್ತಾತ ಬಾಬರ್ ಪ್ರಾಣಿಗಳ ಬಗ್ಗೆ ಬರೆದಿದ್ದರೂ ಚಿತ್ರಕಾರರಿಂದ ಬರೆಯಿಸಲಿಲ್ಲ ಎಂಬ ಕೊರತೆಯ ಮಾತೂ ಅಲ್ಲಿದೆ. ಆಸ್ಥಾನದ ಉಸ್ತಾದ್ ಮನ್ಸೂರ್‌ಗೆ ‘ನಾದಿರ್ ಉಲ್ ಅಸ್ರ್’, ಎಂದರೆ ಯುಗದ ಅದ್ಭುತ, ಎಂಬ ಬಿರುದು ಸಿಕ್ಕಿದ್ದು ಇಂಥ ಚಿತ್ರಗಳಿಗಾಗಿಯೇ. 1621ರಲ್ಲಿ ಜೀಬ್ರಾ ಬಂದಾಗ ಅದರ ಪಟ್ಟೆಗಳನ್ನು ಯಾರೋ ಬಳಿದಿರಬೇಕೆಂದು ಕೆಲವರು ಶಂಕಿಸಿದರಂತೆ. ಮನ್ಸೂರ್ ಬರೆದ ಆ ಜೀಬ್ರಾ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ.

ಒಂದೂವರೆ ಶತಮಾನದ ನಂತರ ಅದೇ ಕಸುಬು ಕಲ್ಕತ್ತೆಯ ಒಂದು ಮನೆಗೆ ಬಂತು. ಅಲ್ಲಿನ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶ ಎಲಿಜಾ ಇಂಪೆಯ ಹೆಂಡತಿ ಮೇರಿ ಇಂಪೆ 1777ರಿಂದ 1783ರವರೆಗೆ ತನ್ನ ಬಂಗಲೆಯ ತೋಟದಲ್ಲಿ ಹಕ್ಕಿ, ಪ್ರಾಣಿಗಳನ್ನು ಸಾಕಿ, ಪಟ್ನಾದಿಂದ ಬಂದ ಶೇಖ್ ಜೈನುದ್ದೀನ್, ಭವಾನಿ ದಾಸ್, ರಾಮ್ ದಾಸ್ ಎಂಬ ಮೂವರಿಂದ ಮುನ್ನೂರಕ್ಕೂ ಹೆಚ್ಚು ಚಿತ್ರ ಬರೆಯಿಸಿದಳು. ಇಂಗ್ಲೆಂಡಿನ ದೊಡ್ಡ ಕಾಗದ, ಮೊಗಲ್ ಶೈಲಿಯ ಕೂದಲೆಳೆಯ ಕುಂಚಗೆಲಸ, ಸಾಧ್ಯವಾದಲ್ಲೆಲ್ಲ ಜೀವಿಯ ನಿಜವಾದ ಅಳತೆ. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಕ್ಕಿಗಳು. ಹಿಮಾಲಯದ ಮೋನಾಲ್ ಹಕ್ಕಿಯ ವೈಜ್ಞಾನಿಕ ಹೆಸರಿನಲ್ಲಿ ಇಂಪೆಯ ಹೆಸರು ಇಂದಿಗೂ ಉಳಿದಿದೆ. ಆದರೆ ಆ ಚಿತ್ರಗಳ ಜೀವಿಗಳು ಅತಿಥಿಗಳಲ್ಲ, ಬಂದಿಗಳು. ಪುಕ್ಕ, ಉಗುರು, ಕೊಕ್ಕು ಎಲ್ಲವೂ ಕರಾರುವಾಕ್ಕಾಗಿದ್ದರೂ ಎಷ್ಟೋ ಹಕ್ಕಿಗಳು ಬಿಳಿ ಹಾಳೆಯ ಮೇಲೆ, ಒಂದು ತುಂಡು ಕೊಂಬೆಯ ಮೇಲೆ, ಎಲ್ಲಿಗೂ ಹೋಗಲಿರುವಂತೆ ಕಾಣುವುದಿಲ್ಲ. ಅಮೆರಿಕದ ಆಡುಬಾನ್ ತನ್ನ ಹೆಸರಾಂತ ಹಕ್ಕಿ ಚಿತ್ರಗಳಿಗೆ ಬಳಸಿದ್ದು ಇನ್ನೂ ಕಠೋರವಾದ ದಾರಿ: ಹಕ್ಕಿಯನ್ನು ಹೊಡೆದು, ತಂತಿ ಚುಚ್ಚಿ ಬೇಕಾದ ಭಂಗಿಯಲ್ಲಿ ನಿಲ್ಲಿಸುತ್ತಿದ್ದ.

ಬರುವ ಜೀವಿಯನ್ನು ಬರುವಂತೆಯೇ ಬರೆದವರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಟನಿಕ್ಲಿಫ್ ಅವರನ್ನು ಬಿಟ್ಟು ಮಾತಾಡುವಂತಿಲ್ಲ. 1901ರಲ್ಲಿ ಹುಟ್ಟಿದ ಅವರು ರೈತ ಕುಟುಂಬದ ಹುಡುಗ; ಹೊಲ, ಕೊಟ್ಟಿಗೆ ನೋಡಿಕೊಂಡೇ ಬೆಳೆದವರು. 1947ರಲ್ಲಿ ವೇಲ್ಸ್‌ನ ಆಂಗಲ್ಸೀ ದ್ವೀಪದಲ್ಲಿ ಕೆವ್ನಿ ನದಿಯ ಅಳಿವೆಗೆ ಮುಖಮಾಡಿದ ಶೋರ್‌ಲ್ಯಾಂಡ್ಸ್ ಎಂಬ ಮನೆಗೆ ಬಂದು, 1979ರಲ್ಲಿ ತೀರಿಕೊಳ್ಳುವವರೆಗೆ ಅಲ್ಲೇ ಇದ್ದರು. ಭರತ ಇಳಿದಾಗ ಬಗ್ಗಡದ ಬಯಲಿಗೆ ಇಳಿಯುವ ಕಡಲಂಚಿನ ಹಕ್ಕಿಗಳು ಕಿಟಕಿಯಲ್ಲೇ ಕಾಣುತ್ತಿದ್ದವು. 1952ರಲ್ಲಿ ಬಂದ ಅವರ ‘ಶೋರ್‌ಲ್ಯಾಂಡ್ಸ್ ಸಮರ್ ಡೈರಿ’ ಆ ಮನೆಯ ಸುತ್ತಲಿನ ಹಕ್ಕಿಗಳ ಚಿತ್ರ ಮತ್ತು ಟಿಪ್ಪಣಿಗಳ ಪುಸ್ತಕ.

ಟನಿಕ್ಲಿಫ್ ಅವರ ಕೆಲಸ ಮೂರು ಬಗೆಯ ಹಾಳೆಗಳಲ್ಲಿ ನಡೆಯುತ್ತಿತ್ತು. ಜೀವಂತ ಹಕ್ಕಿ ನೋಡುತ್ತಾ ಗೀಚಿದ ಕಿರುಪುಸ್ತಕಗಳು ಒಂದು ಕಡೆ. ಸತ್ತು ಸಿಕ್ಕಿದ ಹಕ್ಕಿಗಳನ್ನು, ಸ್ನೇಹಿತರು ಕಳಿಸಿಕೊಟ್ಟವನ್ನೂ ಸೇರಿಸಿ, ಗರಿಗರಿಯೂ ಅಳತೆಗೆ ಸರಿಯಾಗಿ ಬರೆದಿಟ್ಟ ಹಾಳೆಗಳು ಇನ್ನೊಂದು ಕಡೆ. ಮಾರಾಟಕ್ಕೋ ಪ್ರದರ್ಶನಕ್ಕೋ ಹೋಗುವ ದೊಡ್ಡ ವರ್ಣಚಿತ್ರ ಈ ಎರಡನ್ನೂ ಮುಂದಿಟ್ಟುಕೊಂಡು ಆಮೇಲೆ ಹುಟ್ಟುತ್ತಿತ್ತು. ಮೊದಲನೆಯದರಿಂದ ಚಲನೆ, ಎರಡನೆಯದರಿಂದ ವಿವರ. ಈಗ ಆ ಸಂಗ್ರಹ ಆಂಗಲ್ಸೀಯ ಓರಿಯಲ್ ಮೋನ್ ಮ್ಯೂಸಿಯಮ್ಮಿನಲ್ಲಿದೆ. ಮುಗಿದ ವರ್ಣಚಿತ್ರಗಳಿಗಿಂತ ಆ ಅಳತೆಯ ಹಾಳೆಗಳನ್ನೇ ಮೆಚ್ಚುವವರಿದ್ದಾರೆ, ಅವರ ಅಭಿಪ್ರಾಯ ತಪ್ಪೆನ್ನಲಾಗದು.

ಆದರೆ ಈ ಎರಡನೆಯ ಬಗೆಯನ್ನು ನಮ್ಮಲ್ಲಿ ಹಾಗೆಯೇ ಅನುಸರಿಸುವಂತಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಇಂದಿಗೂ ಮಲೆನಾಡಿನಲ್ಲಿದೆ. ಅದನ್ನು ಹರಡುವುದು ಉಣುಗು. ಸತ್ತ ಮಂಗನ ಮೈಯಿಂದ ಇಳಿದ ಉಣುಗುಗಳು ಸುತ್ತಲೂ ಚದುರಿರುತ್ತವೆ. ಹಿತ್ತಿಲಲ್ಲಿ ಮಂಗ ಸತ್ತು ಬಿದ್ದರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಬೇಕೇ ಹೊರತು ಪುಸ್ತಕ ಹಿಡಿದು ಕೂರಬಾರದು. ಸತ್ತ ಬಾವಲಿಯನ್ನೂ ಮುಟ್ಟದಿರುವುದೇ ಸರಿ. ಕಿಟಕಿ ಗಾಜಿಗೆ ಬಡಿದು ಬಿದ್ದ ಹಕ್ಕಿಯನ್ನು ಕೈ ಹಾಕದೆ, ದೂರದಿಂದ ನೋಡಿ ಬರೆಯಬಹುದು. ಗರಿಗಳ ಜೋಡಣೆ, ಕೊಕ್ಕಿನ ಬುಡ, ಕಾಲಿನ ಹುರುಪೆಗಳನ್ನು ಸಾವಕಾಶವಾಗಿ ನೋಡಲು ಮ್ಯೂಸಿಯಮ್ಮುಗಳಲ್ಲಿ ಗಾಜಿನ ಹಿಂದಿಟ್ಟ ಹಕ್ಕಿಗಳೂ ಆಗುತ್ತವೆ.

ಕೂರುವ ಜಾಗ ಗೊತ್ತುಮಾಡುವುದು ಮೊದಲ ಕೆಲಸ. ಕಿಟಕಿಗೆ ಮೂಗು ತಾಗಿಸಿ ಕೂತರೆ ಅಳಿಲು ಕಾಣುವ ಮೊದಲೇ ಅಳಿಲಿಗೆ ಮನುಷ್ಯ ಕಾಣುತ್ತಾನೆ. ಕೋಣೆಯೊಳಗೆ ದೀಪ ಆರಿಸಿ, ಕಿಟಕಿಯಿಂದ ನಾಲ್ಕೈದು ಅಡಿ ಹಿಂದೆ ಕೂತರೆ ಹೊರಗಿನ ಬೆಳಕಿಗೆ ಹೊಂದಿದ ಕಣ್ಣಿಗೆ ಒಳಗಿನ ಕತ್ತಲು ಮಾತ್ರ ಕಾಣುತ್ತದೆ. ಸೊಳ್ಳೆ ಪರದೆ ಹಾಕಿದ ಕಿಟಕಿ ಇದಕ್ಕೆ ಇನ್ನೂ ಅನುಕೂಲ. ಒಳಗಿನಿಂದ ಹೊರಗೆ ಕಾಣುತ್ತದೆ, ಹೊರಗಿನಿಂದ ಒಳಗೆ ಕಾಣುವುದಿಲ್ಲ. ಸೂರ್ಯ ಹುಟ್ಟಿ ಎರಡು ಮೂರು ಗಂಟೆ ಮತ್ತು ಸಂಜೆಯ ಕೊನೆಯ ಎರಡು ಗಂಟೆ ಹಕ್ಕಿಗಳೂ ಚುರುಕಾಗಿರುತ್ತವೆ, ಬೆಳಕೂ ಓರೆಯಾಗಿ ಬಿದ್ದು ಮೈಯ ಉಬ್ಬುತಗ್ಗು ತೋರಿಸುತ್ತದೆ. ನೆತ್ತಿಯ ಬಿಸಿಲಿನಲ್ಲಿ ಎಲ್ಲ ಚಪ್ಪಟೆ. ಓತಿಕ್ಯಾತ ಮಾತ್ರ ಈ ಲೆಕ್ಕಕ್ಕೆ ಸೇರುವುದಿಲ್ಲ. ಅದಕ್ಕೆ ಬಿಸಿಲು ಬೇಕು. ಬೆಳಗಿನ ಬಿಸಿಲೇರಿದ ಮೇಲೆ ಬೇಲಿಗೂಟ ಹತ್ತಿ ಬಹಳ ಹೊತ್ತು ಕೂರುತ್ತದೆ. ಕಲಿಯುವವರಿಗೆ ಇಷ್ಟು ತಾಳ್ಮೆಯ ರೂಪದರ್ಶಿ ಹಿತ್ತಿಲಲ್ಲಿ ಇನ್ನೊಂದಿಲ್ಲ.

ಬರೆಯುವ ಕ್ರಮದಲ್ಲಿ ಗುಟ್ಟಿನದೇನಿಲ್ಲ, ಆದರೆ ಶಾಲೆಯಲ್ಲಿ ಕಲಿತದ್ದನ್ನು ಸ್ವಲ್ಪ ಬಿಡಬೇಕಾಗುತ್ತದೆ. ಶಾಲೆಯ ಅಭ್ಯಾಸವೆಂದರೆ ಹೊರಗೆರೆಯಿಂದ ಶುರುಮಾಡಿ, ಕಣ್ಣು, ಕಿವಿ ಎಂದು ಒಂದೊಂದೇ ಮುಗಿಸುತ್ತಾ ಹೋಗುವುದು. ಅಳಿಲು ಅಷ್ಟು ಹೊತ್ತು ಕೊಡುವುದಿಲ್ಲ. ಹತ್ತು ಸೆಕೆಂಡಿನಲ್ಲಿ ದಕ್ಕುವುದು ಬೆನ್ನಿನ ಬಾಗು, ತಲೆ ತಿರುಗಿದ ದಿಕ್ಕು, ಮೈಭಾರ ನಿಂತ ಕಾಲು, ಇಷ್ಟೇ, ಇಷ್ಟು ಸಾಕು. ಅದು ಅಲುಗಿದ ಕೂಡಲೇ ಆ ಗೀಚನ್ನು ಅಲ್ಲಿಗೇ ಬಿಟ್ಟು ಹಾಳೆಯ ಪಕ್ಕದಲ್ಲಿ ಇನ್ನೊಂದು ಶುರುಮಾಡಬೇಕು. ಪ್ರಾಣಿ ಮತ್ತೆ ಮೊದಲ ಭಂಗಿಗೆ ಬಂದಾಗ ಮೊದಲ ಗೀಚಿಗೆ ಮರಳಬೇಕು. ಯಾವ ಪ್ರಾಣಿಗೂ ಅದರದೇ ಆದ ಕೆಲವು ಭಂಗಿಗಳಿರುತ್ತವೆ, ಅವುಗಳಿಗೇ ಅದು ಮತ್ತೆ ಮತ್ತೆ ಮರಳುತ್ತದೆ. ಪಿಕಳಾರ ಕೊಂಬೆಗೆ ಬಂದು ಕೂತೊಡನೆ ಜುಟ್ಟು ನಿಮಿರಿಸಿ ಅತ್ತಿತ್ತ ನೋಡುತ್ತದೆ. ಮಡಿವಾಳ ಹಕ್ಕಿ ಬಾಲ ಎತ್ತುತ್ತದೆ, ಇಳಿಸುತ್ತದೆ, ಎತ್ತುತ್ತದೆ. ಒಂದು ವಾರದಲ್ಲಿ ಹಾಳೆಯ ತುಂಬ ಅರ್ಧಂಬರ್ಧ ಹಕ್ಕಿಗಳಾಗುತ್ತವೆ. ನೋಡಿದವರಿಗೆ ಅದು ಗೊಂದಲ. ಬರೆದವರಿಗೆ ಮುಂದಿನ ಚಿತ್ರದ ಸಾಮಗ್ರಿ.

ಹೋದ ಮೇಲೂ ಬರೆಯಬೇಕು. ಹಕ್ಕಿ ಹಾರಿದ ಕೂಡಲೇ ಕಣ್ಣುಮುಚ್ಚಿ ಅದನ್ನು ಒಮ್ಮೆ ನೆನೆದು, ನೆನಪಿದ್ದಷ್ಟನ್ನು ಹಾಳೆಗಿಳಿಸುವ ಅಭ್ಯಾಸ ಹೊಸದಲ್ಲ. 19ನೆಯ ಶತಮಾನದ ಪ್ಯಾರಿಸ್ಸಿನಲ್ಲಿ ಒರಾಸ್ ಲಕಾಕ್ ದ ಬ್ವಾಬೊಡ್ರಾನ್ ಎಂಬ ಚಿತ್ರಕಲಾ ಶಿಕ್ಷಕ ನೆನಪಿನಿಂದ ಬರೆಯುವುದನ್ನೇ ಪಾಠವಾಗಿ ಕಲಿಸುತ್ತಿದ್ದ; ಶಿಲ್ಪಿ ರೋದ್ಯಾ ಅವನ ಶಿಷ್ಯರಲ್ಲೊಬ್ಬ. ಹಿತ್ತಿಲಿನ ಚಿತ್ರಕಾರರಿಗೆ ಈ ಅಭ್ಯಾಸದಿಂದ ಆಗುವ ಲಾಭ ವಿಚಿತ್ರವಾದದ್ದು: ಏನು ನೆನಪಿಲ್ಲ ಎಂಬುದು ಗೊತ್ತಾಗುತ್ತದೆ. ಸೂರಕ್ಕಿಯ ಕಾಲಿನ ಬಣ್ಣ ಏನು? ಕೋತಿಯ ಕಿವಿ ಕಣ್ಣಿಗಿಂತ ಮೇಲೋ ಕೆಳಗೋ? ಮುಂದಿನ ಭೇಟಿಗೆ ಪ್ರಶ್ನೆ ಸಿದ್ಧವಿದ್ದರೆ ಹತ್ತು ಸೆಕೆಂಡೂ ಧಾರಾಳ.

ಮೈಕಟ್ಟಿನ ವಿಷಯದಲ್ಲಿ ಕಣ್ಣಿಗಿಂತ ಅಭ್ಯಾಸವೇ ಹೆಚ್ಚು ಮೋಸಮಾಡುತ್ತದೆ. ಹಕ್ಕಿಯ ಮೊಣಕಾಲು ಹಿಂದಕ್ಕೆ ಮಡಿಯುತ್ತದೆ ಎಂದೇ ಬಹಳ ಜನ ತಿಳಿದಿದ್ದಾರೆ. ಹಿಂದಕ್ಕೆ ಮಡಿಯುವುದು ಅದರ ಹರಡು. ನಿಜವಾದ ಮೊಣಕಾಲು ಹೊಟ್ಟೆಯ ಗರಿಗಳೊಳಗೆ ಅಡಗಿರುತ್ತದೆ. ಇದು ತಿಳಿಯದೆ ಬರೆದ ಹಕ್ಕಿ ಕೊಂಬೆಯ ಮೇಲೆ ಕೂತಂತೆ ಕಾಣದೆ ಅಂಟಿಸಿದಂತೆ ಕಾಣುತ್ತದೆ. ಮೈಭಾರ ಪಾದಗಳ ಮೇಲೆ ಬೀಳುವಂತೆ ನೋಡಿಕೊಂಡರೆ ಅರ್ಧ ಸಮಸ್ಯೆ ಪರಿಹಾರ. ಅಳಿಲಿನ ಬೆನ್ನಿನಲ್ಲಿ ರಾಮನ ಬೆರಳ ಗುರುತು ಎಲ್ಲರಿಗೂ ಗೊತ್ತು, ಆದರೆ ಮೂರು ಪಟ್ಟೆಗಳೂ ಒಂದೇ ಉದ್ದವಲ್ಲ ಎಂಬುದು ಬರೆಯಲು ಕೂತಾಗಲೇ ಕಣ್ಣಿಗೆ ಬೀಳುತ್ತದೆ: ನಡುವಿನದು ತಲೆಯ ಕಡೆಯಿಂದ ಬಾಲದವರೆಗೆ, ಪಕ್ಕದವೆರಡು ಮುಂಗಾಲಿನಿಂದ ಹಿಂಗಾಲಿನವರೆಗೆ ಮಾತ್ರ. ಮರದಿಂದ ತಲೆಕೆಳಗಾಗಿ ಇಳಿಯುವಾಗ ಅದರ ಹಿಂಗಾಲಿನ ಪಾದ ಹಿಮ್ಮುಖವಾಗಿ ತಿರುಗಿ ತೊಗಟೆಗೆ ಉಗುರೂರುತ್ತದೆ. ನಮ್ಮ ಊರಿನ ಕೋತಿ ದಕ್ಷಿಣ ಭಾರತಕ್ಕೇ ಸೀಮಿತವಾದ ಜಾತಿ. ನೆತ್ತಿಯ ನಡುವಿನಿಂದ ಸುತ್ತಲೂ ಹರಡಿದ ಕೂದಲಿನ ಟೋಪಿ, ಮೈಯಷ್ಟೇ ಉದ್ದದ ಬಾಲ ಅದರ ಗುರುತು. ಉತ್ತರ ಭಾರತದ ಗಿಡ್ಡ ಬಾಲದ ಕೋತಿಯನ್ನು ಪುಸ್ತಕದಲ್ಲಿ ನೋಡಿ ಬರೆದರೆ ಮೈಸೂರಿನ ಮಾಡಿನ ಮೇಲೆ ಮಥುರೆಯ ಮಂಗ ಕೂತಂತಾಗುತ್ತದೆ.

ನಾಗರಹಾವಿನ ಚಿತ್ರದಲ್ಲೂ ಇಂಥದೇ ಒಂದು ತಪ್ಪು ಕ್ಯಾಲೆಂಡರಿನಿಂದ ಕ್ಯಾಲೆಂಡರಿಗೆ ಸಾಗಿ ಬಂದಿದೆ. ಕನ್ನಡಕದಂಥ ಗುರುತು ಇರುವುದು ಹೆಡೆಯ ಬೆನ್ನಿನ ಮೇಲೆ. ಎದುರಿನಿಂದ ನೋಡಿದರೆ ಕಾಣುವುದು ಅಡ್ಡಪಟ್ಟಿಗಳು ಮತ್ತು ಎರಡು ಕಪ್ಪು ಚುಕ್ಕೆ. ಹಾವು ಮನೆಯೊಳಗೆ ಬಂದಾಗ ಬರೆಯಲು ಕೂರುವುದು ಬುದ್ಧಿವಂತಿಕೆಯಲ್ಲ, ಹಾವು ಹಿಡಿಯಲು ಬಲ್ಲವರನ್ನು ಕರೆಯಬೇಕು. ದೂರದ ಬೇಲಿಯಲ್ಲಿ ಹೋಗುವ ಕೇರೆಹಾವನ್ನು ಕಿಟಕಿಯಿಂದ ಬರೆಯಲು ಅಡ್ಡಿಯಿಲ್ಲ. ಅದು ಗೆರೆ ಎಳೆಯಲು ಕಲಿಯುವವರಿಗೆ ಬಲು ಒಳ್ಳೆಯ ಪಾಠ, ಏಕೆಂದರೆ ಒಂದೇ ಗೆರೆಯಲ್ಲಿ ಭಾರ, ತಿರುವು, ಚಲನೆ ಮೂರೂ ಬರಬೇಕು.

ಬಣ್ಣಕ್ಕೆ ಬಂದರೆ ಕಷ್ಟಗಳ ಜಾತಿ ಬೇರೆ. ಸೂರಕ್ಕಿ ಗಂಡಿನ ಕತ್ತಿನ ನೇರಳೆ, ನೆತ್ತಿಯ ಹಸಿರು ನಿಜವಾಗಿ ಬಣ್ಣದ ಪುಡಿಯಿಂದ ಆದದ್ದಲ್ಲ. ಗರಿಯ ಸೂಕ್ಷ್ಮ ಪದರಗಳಲ್ಲಿ ಬೆಳಕು ಚದುರಿ ಹುಟ್ಟುವ ಹೊಳಪು ಅದು. ಹಕ್ಕಿ ಕತ್ತು ಹೊರಳಿಸಿದರೆ ಅದೇ ಜಾಗ ಕಪ್ಪಾಗುತ್ತದೆ. ಅಂಗಡಿಯಲ್ಲಿ ಸಿಗುವ ಮಿನುಗು ಬಣ್ಣ ಬಳಿದರೆ ಹಕ್ಕಿ ಹೋಗಿ ಹಬ್ಬದ ಗ್ರೀಟಿಂಗ್ ಕಾರ್ಡು ಬರುತ್ತದೆ. ಬಲ್ಲವರು ಆ ಭಾಗವನ್ನು ಬಹುಪಾಲು ಗಾಢವಾಗಿಯೇ ಇಟ್ಟು, ಬೆಳಕು ಹೊಡೆದ ಒಂದೆರಡು ಚೂರುಗಳಲ್ಲಿ ಮಾತ್ರ ತಿಳಿಯಾದ ನೇರಳೆಯನ್ನೋ ಹಸಿರನ್ನೋ ಅಂಚು ಮಾಸದಂತೆ ಇಡುತ್ತಾರೆ. ಹೊಳಪೆಂಬುದು ಪಕ್ಕದ ಕತ್ತಲಿನಿಂದಲೇ ಹುಟ್ಟುವುದು. ಕೆಂಬೂತದ ಮೈಗೂ ಇದೇ ಉಪಾಯ: ಅದರ ಕಪ್ಪಿನಲ್ಲಿ ನೀಲಿಯ ಹೊಳಪಿದೆ, ರೆಕ್ಕೆ ಮಾತ್ರ ಇಟ್ಟಿಗೆಗೆಂಪು, ಕಣ್ಣು ಕೆಂಪು.

ಮುಂಗುಸಿಯ ಬಣ್ಣ ಇನ್ನೊಂದು ಬಗೆಯದು. ದೂರದಿಂದ ಬೂದು, ಹತ್ತಿರದಿಂದ ನೋಡಿದರೆ ಒಂದೊಂದು ಕೂದಲಿನಲ್ಲೂ ಕಪ್ಪು ಬಿಳಿ ಉಂಗುರಗಳು. ಕೂದಲು ಕೂದಲಾಗಿ ಬರೆಯಲು ಹೊರಟವರು ಸಂಜೆಯ ಹೊತ್ತಿಗೆ ಒಂದು ಮುಳ್ಳುಹಂದಿ ಬರೆದಿರುತ್ತಾರೆ. ಮೊದಲು ಒದ್ದೆ ಕಾಗದದ ಮೇಲೆ ಬೂದುಗಂದು ಹರಡಿ, ಅದು ಒಣಗಿದ ಮೇಲೆ ಹೆಚ್ಚು ನೀರಿಲ್ಲದ ಕುಂಚವನ್ನು ಕೂದಲು ಬೆಳೆದ ದಿಕ್ಕಿನಲ್ಲೇ ಒರಟಾಗಿ ಎಳೆಯುವುದು ಸರಿಯಾದ ದಾರಿ. ಕೂದಲೆಳೆ ತೋರಿಸಬೇಕಾದ್ದು ಮೈಯ ಅಂಚಿನಲ್ಲಿ, ಬೆಳಕು ನೆರಳು ಸೇರುವಲ್ಲಿ ಮಾತ್ರ. ಉಳಿದದ್ದನ್ನು ನೋಡುವವರ ಕಣ್ಣು ತುಂಬಿಕೊಳ್ಳುತ್ತದೆ. ಹಕ್ಕಿಗಳ ಗುಂಡು ಪಾಪೆಗೆ ಒಗ್ಗಿದ ಕೈ ಮುಂಗುಸಿಗೂ ಅದನ್ನೇ ಬರೆದುಬಿಡುತ್ತದೆ. ಅದರ ಪಾಪೆ ಅಡ್ಡಕ್ಕೆ ಉದ್ದ.

ಓತಿಕ್ಯಾತ ಬಣ್ಣವನ್ನೇ ಬದಲಿಸುತ್ತದೆ. ಸಂತಾನೋತ್ಪತ್ತಿಯ ಋತುವಿನಲ್ಲಿ ಗಂಡಿನ ತಲೆ, ಭುಜ ಕೆಂಪೇರುತ್ತದೆ, ಗಂಟಲ ಪಕ್ಕದಲ್ಲಿ ಕಪ್ಪು ಮಚ್ಚೆ ಕಾಣುತ್ತದೆ. ಬೇಲಿಯ ಮೇಲೆ ಮುಂಗಾಲೂರಿ ದಂಡ ಹೊಡೆಯುತ್ತದೆ. ಗಾಬರಿಯಾದರೆ ನೋಡನೋಡುತ್ತಲೇ ಆ ಕೆಂಪು ಮಾಸುತ್ತದೆ. ಹೀಗಾಗಿ ಬಣ್ಣವನ್ನು ಮೊದಲು ಗುರುತುಮಾಡಿಕೊಂಡು ಗೆರೆಯನ್ನು ಆಮೇಲೆ ಎಳೆಯಬೇಕಾದ ಜೀವಿ ಇದೊಂದು. ನೇರಳೆ ಸೂರಕ್ಕಿಯ ಗಂಡು ಕೂಡ ಮರಿಮಾಡುವ ಕಾಲ ಮುಗಿದ ಮೇಲೆ ಹೆಣ್ಣಿನಂತೆ ಮಂಕಾಗಿ, ಗಂಟಲ ನಡುವೆ ಒಂದು ಗಾಢ ಪಟ್ಟಿಯನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಒಂದೇ ಹಕ್ಕಿಯನ್ನು ವರ್ಷದುದ್ದಕ್ಕೂ ಬರೆದವರಿಗೆ ಎರಡು ಹಕ್ಕಿ ಸಿಗುತ್ತವೆ.

ಫೋಟೊ ನೋಡಿ ಬರೆಯಬಾರದೇ ಎಂಬ ಪ್ರಶ್ನೆ ಪ್ರತಿ ಚಿತ್ರಶಾಲೆಯಲ್ಲೂ ಏಳುತ್ತದೆ. ಬರೆಯಬಹುದು, ಕಾಲ್ಬೆರಳು ಎಷ್ಟು, ರೆಕ್ಕೆಯ ಗರಿ ಯಾವ ಕ್ರಮದಲ್ಲಿವೆ ಎಂದು ತಿಳಿಯಲು ಫೋಟೊದಷ್ಟು ಉಪಕಾರಿ ಬೇರೆಯಿಲ್ಲ. ಛಾಯಾಗ್ರಾಹಕ ಮೈಬ್ರಿಜ್ 1878ರಲ್ಲಿ ಓಡುವ ಕುದುರೆಯ ಸಾಲುಫೋಟೊ ತೆಗೆಯುವವರೆಗೆ ದೊಡ್ಡ ದೊಡ್ಡ ಕಲಾವಿದರೂ ನಾಲ್ಕೂ ಕಾಲು ಚಾಚಿ ಗಾಳಿಯಲ್ಲಿ ತೇಲುವ ಕುದುರೆಗಳನ್ನೇ ಬರೆಯುತ್ತಿದ್ದರು. ಆದರೆ ಮೊಬೈಲಿನ ಫೋಟೊಗೆ ಮೂರು ರೋಗಗಳಿವೆ. ಹತ್ತಿರದಿಂದ ತೆಗೆದರೆ ಮೂಗು ದಪ್ಪ, ಹಿಂಭಾಗ ಸಣ್ಣ. ನೆರಳು ಬರಿ ಕಪ್ಪು, ಕಣ್ಣಿಗೆ ಕಾಣುವ ಅದರೊಳಗಿನ ಬಣ್ಣ ಮಾಯ. ಮೂರನೆಯದು ಮುಖ್ಯ: ಫೋಟೊ ಹಿಡಿಯುವುದು ಒಂದು ಕ್ಷಣ, ಅದು ಆ ಪ್ರಾಣಿಯ ಸ್ವಭಾವದ ಕ್ಷಣವೇ ಆಗಿರಬೇಕಿಲ್ಲ. ಗೀಚುಪುಸ್ತಕದಿಂದ ಭಂಗಿ ತೆಗೆದುಕೊಂಡು ಫೋಟೊದಿಂದ ವಿವರ ತುಂಬುವವರು ಟನಿಕ್ಲಿಫ್ ಅವರ ಎರಡು ಹಾಳೆಗಳ ಕ್ರಮವನ್ನೇ ಬೇರೆ ಸಲಕರಣೆಯಿಂದ ಮಾಡುತ್ತಿರುತ್ತಾರೆ.

ಹಿತ್ತಿಲಿನ ಚಿತ್ರಗಳು ಹೆಚ್ಚಾಗಿ ಸೋಲುವುದು ಪ್ರಾಣಿಯಲ್ಲಲ್ಲ, ಹಿನ್ನೆಲೆಯಲ್ಲಿ. ಅಳಿಲು ಬಂದು ಕೂತದ್ದು ಬಟ್ಟೆ ಒಣಹಾಕುವ ತಂತಿಯ ಪಕ್ಕ, ಸಿಮೆಂಟು ಕಟ್ಟೆಯ ಮೇಲೆ. ಚಿತ್ರದಲ್ಲಿ ಮಾತ್ರ ಅದು ಮಂಜು ಮುಸುಕಿದ ಕಾಡಿನಲ್ಲಿರುತ್ತದೆ. ಕಟ್ಟೆ, ತಂತಿ, ಪೈಪು ಸುಂದರವಲ್ಲವೆಂದು ಅಳಿಸಿದಾಗ ಚಿತ್ರದ ಅರ್ಥವೂ ಅಳಿಯುತ್ತದೆ. ಮಂಗಳೂರು ಹೆಂಚಿನ ಮಾಡಿನ ಮೇಲೆ ಕೂತ ಕೋತಿಗೂ ಬರಿ ಮರದಲ್ಲಿ ಕೂತ ಕೋತಿಗೂ ಬಹಳ ವ್ಯತ್ಯಾಸವಿದೆ: ಹೆಂಚಿನ ಸಾಲು ಅದರ ಗಾತ್ರ ಹೇಳುತ್ತದೆ, ಸರಿದ ಒಂದು ಹೆಂಚು ಅದರ ಭಾರವನ್ನೂ ಚೇಷ್ಟೆಯನ್ನೂ ಹೇಳುತ್ತದೆ. ಬಟ್ಟೆಗೆ ಹಾಕುವ ಕ್ಲಿಪ್ಪಿನ ಪಕ್ಕ ಕೂತ ಸಿಂಪಿಗ ಹಕ್ಕಿಯ ಪುಟ್ಟತನ ತೋರಿಸಲು ಬೇರೆ ಅಳತೆಗೋಲು ಬೇಡ. ಮಲೆನಾಡಿನ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನಲ್ಲಿ ಬರೆಯುವ ಚಿತ್ತಾರದಲ್ಲಿ ಹಕ್ಕಿಗಳು ಮನೆಯ ಭಾಗವಾಗಿಯೇ ಬರುತ್ತವೆ. ಗೆರೆಯ ಲೆಕ್ಕಾಚಾರದ ಆ ಶೈಲಿ ಕಂಡದ್ದನ್ನು ಕಂಡಂತೆ ಬರೆಯುವ ಈ ಕೆಲಸಕ್ಕಿಂತ ದೂರದ್ದಾದರೂ, ಈ ಒಂದು ವಿಷಯದಲ್ಲಿ ಕಲಿಯಬೇಕಾದ್ದಿದೆ.

ರಾತ್ರಿ ಬರುವವರನ್ನು ಬರೆಯುವುದು ನೆನಪಿನ ಕೆಲಸ. ಕಬ್ಬೆಕ್ಕಿನ ಮುಖದ ಕಪ್ಪು ಮುಸುಕು, ಬೆನ್ನುದ್ದಕ್ಕೆ ಸಾಲುಗಟ್ಟಿದ ಮಸುಕು ಚುಕ್ಕೆಗಳು ಟಾರ್ಚಿನ ಬೆಳಕಿನಲ್ಲಿ ಒಂದು ಕ್ಷಣ ಕಂಡು ಮಾಯವಾಗುತ್ತವೆ. ಪ್ರಖರ ಬೆಳಕು ರಾತ್ರಿಯ ಜೀವಿಗಳ ಕಣ್ಣು ಕೋರೈಸುತ್ತದೆ. ಕೆಂಪು ಕಾಗದ ಸುತ್ತಿದ ಮಂದ ಟಾರ್ಚು ಕಡಿಮೆ ಕಾಟ ಕೊಡುತ್ತದೆ. ಬಯಲುಸೀಮೆಯ ಊರುಗಳ ಹಳೆಯ ತೋಪುಗಳಲ್ಲಿ ಇನ್ನೂ ಉಳಿದಿರುವ ಕಾಡುಪಾಪದ ವಿಷಯದಲ್ಲಂತೂ ಇದು ಕಡ್ಡಾಯ. ಟಾರ್ಚಿಗೆ ಹೊಳೆಯುವ ಅದರ ಕಣ್ಣನ್ನು ಹಾಗೇ ಹೊಳೆಯುವಂತೆ ಬರೆದರೆ ಅದು ಪ್ರಾಣಿಯ ಚಿತ್ರವಲ್ಲ, ಟಾರ್ಚಿನ ಚಿತ್ರ. ದೀಪಕ್ಕೆ ಬಂದ ಪತಂಗಗಳದು ಇದಕ್ಕೆ ತೀರ ವಿರುದ್ಧವಾದ ಸೌಕರ್ಯ. ಬೆಳಗಾದ ಮೇಲೂ ಗೋಡೆಯಲ್ಲೇ ಕೂತಿರುತ್ತವೆ. ಪಶ್ಚಿಮ ಘಟ್ಟದ ಅಟ್ಲಾಸ್ ಪತಂಗದ ರೆಕ್ಕೆಯ ಹರವು 25 ಸೆಂ.ಮೀ. ಹತ್ತಿರ ಬರುತ್ತದೆ, ಅಷ್ಟು ದೊಡ್ಡದನ್ನು ಹಗಲು ಬೆಳಕಿನಲ್ಲಿ ನಿಜವಾದ ಅಳತೆಯಲ್ಲೇ ಬರೆದು ಮುಗಿಸಬಹುದು.

ಚಿತ್ರಕ್ಕಾಗಿ ಪ್ರಾಣಿಯನ್ನು ಕರೆಯುವ ಆಸೆ ಎಲ್ಲರಿಗೂ ಬರುತ್ತದೆ. ಕೋತಿಗೆ ಬಾಳೆಹಣ್ಣು ಇಟ್ಟರೆ ಬರುವುದು ನಿಜ. ಆಮೇಲೆ ಅದು ಹಣ್ಣನ್ನೇ ನೋಡುತ್ತದೆ, ಕಿತ್ತಾಡುತ್ತದೆ, ಅಡುಗೆಮನೆಗೂ ನುಗ್ಗುತ್ತದೆ. ಅಕ್ಕಪಕ್ಕದ ಮನೆಯವರಿಗೆ ಕಾಟ ತಪ್ಪಿದ್ದಲ್ಲ. ಚಿತ್ರವೂ ಕೆಡುತ್ತದೆ, ಏಕೆಂದರೆ ಸಿಗುವುದು ತಿನ್ನುವ ಭಂಗಿ ಒಂದೇ. ಒಂದು ಬಾನಿ ನೀರು, ಹೂಬಿಡುವ ಗಿಡ, ಹಣ್ಣಿನ ಮರ ಇದ್ದರೆ ಬರುವವು ಬರುತ್ತವೆ. ಗೂಡು ಕಾಣಲೆಂದು ಎಲೆ ಕತ್ತರಿಸಿದರೆ ಕಾಗೆಗೂ ಬೆಕ್ಕಿಗೂ ದಾರಿ ತೋರಿಸಿದಂತೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಎನ್ನುವ ಮಾತಿನಲ್ಲಿ ಕೊಲ್ಲುವುದನ್ನಷ್ಟೇ ಅಲ್ಲ, ಹಿಡಿಯುವುದನ್ನೂ ಮೊಟ್ಟೆ ಗೂಡುಗಳಿಗೆ ತೊಂದರೆ ಕೊಡುವುದನ್ನೂ ಸೇರಿಸಿದೆ. ಸ್ವೀಡನ್ನಿನ ಚಿತ್ರಕಾರ ಲಿಲಿಯೆಫೋರ್ಸ್ ನರಿ ಮೊಲಗಳನ್ನು ಮನೆಯಂಗಳದಲ್ಲಿ ಕೂಡಿಹಾಕಿಕೊಂಡು ಬರೆದದ್ದೂ ಇಂಗ್ಲೆಂಡಿನ ಮಕ್ಕಳ ಪುಸ್ತಕಗಳ ಚಿತ್ರಕಾರ್ತಿ ಬೀಟ್ರಿಕ್ಸ್ ಪಾಟರ್ ಮುಳ್ಳಿಲಿ ಬಾವಲಿಗಳನ್ನು ಕೋಣೆಯಲ್ಲಿಟ್ಟು ಕಲಿತದ್ದೂ ಆ ಕಾಲಕ್ಕೆ, ಆ ದೇಶಕ್ಕೆ ಆಯಿತು.

ಸಲಕರಣೆಗೆ ಹೆಚ್ಚು ಖರ್ಚಿಲ್ಲ. ಗೀಚಲು ಯಾವ ಪುಸ್ತಕವಾದರೂ ಸರಿ, 2ಬಿ ಪೆನ್ಸಿಲು ಸಾಕು. ರಬ್ಬರನ್ನು ದೂರವಿಡುವುದು ಮೇಲು. ಜಲವರ್ಣಕ್ಕೆ ಮಾತ್ರ 300 ಜಿಎಸ್‌ಎಂ ದಪ್ಪದ ಕಾಗದವೇ ಬೇಕು, ತೆಳು ಕಾಗದ ನೀರಿಗೆ ಸುಕ್ಕಾಗುತ್ತದೆ. ಒಂದು ದಪ್ಪ, ಒಂದು ಸಪೂರ ಗುಂಡು ಕುಂಚ. ಕಪ್ಪು ಟ್ಯೂಬನ್ನು ಮುಚ್ಚಿಟ್ಟು ಬರ್ನ್ಟ್ ಸಿಯೆನ್ನಾ ಮತ್ತು ಅಲ್ಟ್ರಾಮೆರಿನ್ ನೀಲಿ ಬೆರೆಸಿದರೆ ಅಳಿಲಿನ ಬೂದಿನಿಂದ ಕಾಗೆಯ ಕಪ್ಪಿನವರೆಗೆ ಎಲ್ಲವೂ ಬರುತ್ತವೆ, ಸತ್ತ ಕಪ್ಪಿಗಿಂತ ಜೀವವಾಗಿಯೂ ಇರುತ್ತವೆ. ಬಿಳಿ ಬೇಕಾದಲ್ಲಿ ಕಾಗದವನ್ನೇ ಬಿಡುವುದು ಜಲವರ್ಣದ ಪದ್ಧತಿ. ಮೀಸೆಯಂಥ ಎಳೆಗೆ ಕೊನೆಯಲ್ಲಿ ದಪ್ಪ ಬಿಳಿ ಬಣ್ಣದ ಒಂದೆರಡು ಗೆರೆ ಎಳೆದರೆ ಯಾರೂ ಆಕ್ಷೇಪಿಸುವುದಿಲ್ಲ. ಅಲಿಝರಿನ್ ಕ್ರಿಮ್ಸನ್ ಬೆಳಕಿಗೆ ಮಾಸುವ ಬಣ್ಣ, ಗೋಡೆಗೆ ತೂಗುಹಾಕುವ ಚಿತ್ರದಲ್ಲಿ ಅದನ್ನು ನಂಬುವಂತಿಲ್ಲ.

ಮಳೆಗಾಲದಲ್ಲಿ ಮಲೆನಾಡು, ಕರಾವಳಿಯ ಮನೆಗಳಲ್ಲಿ ಕಾಗದ ತೇವ ಹೀರಿ ಬೂಸ್ಟು ಹಿಡಿಯುತ್ತದೆ. ಬಣ್ಣ ಒಣಗಲು ಹೊತ್ತು ಹಿಡಿಯುವುದರಿಂದ ಒಂದರ ಮೇಲೊಂದು ಪದರ ಹಚ್ಚುವವರಿಗೆ ಆ ತಿಂಗಳುಗಳು ಗೀಚುಪುಸ್ತಕದ ತಿಂಗಳುಗಳು. ಪೂರ್ತಿ ಒಣಗಿದ ಚಿತ್ರಗಳನ್ನು ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಬೇಕು. ಹೊರಗೋಡೆಗೆ ತಾಗಿದ ಬೀರು ಬೇಡ. ಪ್ರತಿ ಹಾಳೆಯ ಹಿಂದೆ ದಿನಾಂಕ, ಹೊತ್ತು, ಕೂತ ಗಿಡದ ಹೆಸರು ಬರೆದಿಟ್ಟರೆ ಸೂರಕ್ಕಿ ಬಣ್ಣ ಕಳಚಿದ ತಿಂಗಳು, ಓತಿಕ್ಯಾತ ಕೆಂಪೇರಿದ ವಾರ, ಹಲಸಿಗೆ ಕೆಂಜಳಿಲು ಬಂದ ದಿನ ವರ್ಷದಿಂದ ವರ್ಷಕ್ಕೆ ಹೋಲಿಸಿ ನೋಡಲು ಸಿಗುತ್ತವೆ. ಈ ವಿವರಗಳನ್ನು ಪೆನ್ಸಿಲಿನಲ್ಲೇ ಬರೆಯಬೇಕು. ಇಂಕು ತೇವಕ್ಕೆ ಹರಡಿ ಚಿತ್ರದ ಮುಂಬದಿಗೂ ಇಳಿಯುತ್ತದೆ.